ದಾರಿಯಲ್ಲಿರುವ ರೋಗಿಯನ್ನು ದೂರದಿಂದ ನೋಡುವ ಬಗೆ



ಮೂಡಿಗೆರೆ, ಕಳಸಗಳ ಕಾಫಿ ತೋಟಗಳಲ್ಲಿ ಒಬ್ಬರಿಗೆ ಎದೆನೋವು ಬಂದರೆ ದೊಡ್ಡ ಆಸ್ಪತ್ರೆಯು ಬಹು ದೂರ. ಮೂಡಿಗೆರೆಯವರು ಚಾರ್ಮಾಡಿ ಘಟ್ಟವನ್ನಿಳಿದೂ, ಕಳಸದವರು ಕುದುರೆಮುಖ, ಕಾರ್ಕಳಗಳ ಮಾರ್ಗವಾಗಿಯೂ ಮಂಗಳೂರಿಗೆ ಹೋಗುವುದುಂಟು. ಈ ದಾರಿಯಲ್ಲಿ ರೋಗಿಯ ಸ್ಥಿತಿಯನ್ನು ವೈದ್ಯರು ದೂರದಿಂದಲೇ ಅರಿಯುವುದು ಹೇಗೆಂಬುದೇ ಈ ಪಾಠದ ವಿಷಯವು.

ಈ ಕಲ್ಪನೆಯು ಹೊಸದಲ್ಲ. 1905ರಲ್ಲಿ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ವಿಲೆಮ್ ಐಂತೋವನ್ ಎಂಬ ವಿದ್ವಾಂಸರು, ಆಸ್ಪತ್ರೆಯಲ್ಲಿದ್ದವರ ಹೃದಯದ ವಿದ್ಯುತ್ ಸಂಚಲನವನ್ನು ಟೆಲಿಫೋನು ತಂತಿಯ ಮೂಲಕ ಸುಮಾರು 1.5 ಕಿಲೋಮೀಟರು ದೂರದ ತಮ್ಮ ಪ್ರಯೋಗಶಾಲೆಗೆ ತರಿಸಿ ರೇಖೆಯಾಗಿ ಬರೆಯಿಸಿದರು. 1924ರಲ್ಲಿ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು.

ಇಂದು ಆಂಬುಲೆನ್ಸಿನಲ್ಲಿ ಮುಖ್ಯವಾದ ಉಪಕರಣಗಳು ಮೂರು. ಇ.ಸಿ.ಜಿ. ಯಂತ್ರವು ಮೈಮೇಲೆ ಅಂಟಿಸಿದ ಬಿಲ್ಲೆಗಳಿಂದ ಹೃದಯದ ಬಡಿತವನ್ನು ರೇಖೆಯಾಗಿ ತೋರಿಸುವುದು. ಆಕ್ಸಿಮೀಟರು ಬೆರಳಿನೊಳಗೆ ಕೆಂಪು ಮತ್ತು ಅವಕೆಂಪು ಬೆಳಕನ್ನು ಹಾಯಿಸಿ ರಕ್ತದ ಆಮ್ಲಜನಕವನ್ನು ಅಳೆಯುವುದು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಶೇಕಡಾ 95ಕ್ಕೆ ಮೇಲಿರುವುದು. ಮೂರನೆಯದು ರಕ್ತದೊತ್ತಡದ ಪಟ್ಟಿ. ಇವುಗಳ ಅಂಕಿಗಳು ಮೊಬೈಲು ಜಾಲದ ಮೂಲಕ ವೈದ್ಯರ ಪರದೆಯನ್ನು ಸೇರುವುವು.

ನಮ್ಮ ನಾಡಿನಲ್ಲಿಯೂ ಈ ಪ್ರಯತ್ನವು ನಡೆದಿದೆ. ಮಂಗಳೂರಿನ ಹೃದ್ರೋಗತಜ್ಞರಾದ ಡಾ. ಪದ್ಮನಾಭ ಕಾಮತರು ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಕಾರ್ಯದಿಂದ ಗ್ರಾಮಗಳ ಆರೋಗ್ಯಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿದರು. ಅಲ್ಲಿಯ ವೈದ್ಯರು ರೇಖಾಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿ ತಜ್ಞರ ಸಲಹೆಯನ್ನು ಪಡೆಯುವರು. ರಾಜ್ಯ ಸರಕಾರದ ‘ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ’ ಯೋಜನೆಯಲ್ಲಿಯೂ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ದೂರದ ತಜ್ಞರು ಪರೀಕ್ಷಿಸುವರು. ಅವಶ್ಯವಿದ್ದರೆ ರಕ್ತದ ಗಡ್ಡೆಯನ್ನು ಕರಗಿಸುವ ಔಷಧವನ್ನು ಅಲ್ಲಿಯೇ ಚುಚ್ಚುವರು.

ಇದರ ಮಹತ್ವವನ್ನು ಗಮನಿಸಿರಿ. ರಕ್ತನಾಳವು ಮುಚ್ಚಿದರೆ ಹೃದಯದ ಸ್ನಾಯುವು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುವುದು. ಘಟ್ಟದ ತಿರುವುಗಳಲ್ಲಿ ಮೊಬೈಲು ಸಂಕೇತವು ಕಡಿದುಹೋಗುವುದುಂಟು. ಆಗ ಒಳ್ಳೆಯ ಯಂತ್ರವು ಅಂಕಿಗಳನ್ನು ಕೂಡಿಟ್ಟುಕೊಂಡು ಸಂಕೇತವು ಮರಳಿದೊಡನೆ ಕಳುಹಿಸುವುದು. ಆದರೆ ಆ ನಡುವೆ ರೋಗಿಯನ್ನು ಕಾಯುವವರು ಬಳಿಯಲ್ಲಿ ಕುಳಿತ ಶುಶ್ರೂಷಕರೇ. ಆದುದರಿಂದ ಘಟ್ಟವನ್ನಿಳಿಯುವ ಮೊದಲೇ ಇ.ಸಿ.ಜಿ. ತೆಗೆದು ಸಲಹೆ ಪಡೆಯುವುದು ಶ್ರೇಯಸ್ಕರ.

ಯಂತ್ರವು ಎಷ್ಟು ಉತ್ತಮವಾದರೂ, ಕರೆಯದವರ ಮನೆಗೆ ಅದು ಬಾರದು. ನಮ್ಮ ತಾಯಂದಿರು ನೋವನ್ನು ಮರೆಮಾಡಿ ಬೆಳಗಿನವರೆಗೆ ಕಾಯುವುದುಂಟು. ಸ್ತ್ರೀಯರಲ್ಲಿ ಹೃದಯಾಘಾತವು ಉಬ್ಬಸ, ವಾಕರಿಕೆ, ವಿಪರೀತ ಆಯಾಸಗಳಾಗಿಯೂ ಕಾಣಿಸಬಹುದು. ಅಂಥ ಸಮಯದಲ್ಲಿ ನೀವು ಕೂಡಲೇ 108ಕ್ಕೆ ಕರೆಮಾಡಿರಿ. ನೋವು ಆರಂಭವಾದ ಗಳಿಗೆಯನ್ನು ಬರೆದಿಡಿರಿ. ದಾರಿ ತೋರಿಸಲು ಒಬ್ಬರನ್ನು ರಸ್ತೆಗೆ ಕಳುಹಿಸಿರಿ.

ಅಭ್ಯಾಸ
1. ಆಕ್ಸಿಮೀಟರು ಏನನ್ನು ಅಳೆಯುವುದು?
2. ಘಟ್ಟವನ್ನಿಳಿಯುವ ಮೊದಲೇ ಇ.ಸಿ.ಜಿ. ತೆಗೆಯಬೇಕೇಕೆ?
3. ನಿಮ್ಮ ಮನೆಯಿಂದ ಹತ್ತಿರದ ಆಸ್ಪತ್ರೆಗೆ ಹೋಗುವ ದಾರಿಯನ್ನು ಬರೆದು, ಮೊಬೈಲು ಸಂಕೇತವು ದೊರೆಯದ ಸ್ಥಳಗಳನ್ನು ಗುರುತಿಸಿರಿ.