ಜಾವಾ ಪಾಠ: ಮಣೆ ಇದೆ, ಬೀಜ ಎಲ್ಲಿ?

ಲಂಡನ್ನಿನಿಂದ ಮಾತಾಡ್ತಿದ್ದೇವೆ. ನಾವು ಜೀವವಿಜ್ಞಾನದವರು, ಜಾವಾ ಕಲಿತದ್ದು ಲ್ಯಾಬಿನ ಲೆಕ್ಕಕ್ಕಾಗಿ. ಇವತ್ತಿನ ವಿಷಯ, ನಮ್ಮನ್ನು ಎರಡು ಸಲ ಎಡವಿಸಿದ ಆಬ್ಜೆಕ್ಟ್‌ಗಳ ಅರೇ.

ನಾವು ಬಳಸುವ ಪ್ಲೇಟ್‌ನಲ್ಲಿ 8 ಸಾಲು, 12 ಕಾಲಂ, ಒಟ್ಟು 96 ಗುಳಿಗಳು. ಪ್ರತಿ ಗುಳಿಗೂ ಒಂದು ಸ್ಯಾಂಪಲ್. ಹಾಗಾಗಿ ‘ಸ್ಯಾಂಪಲ್’ ಅಂತ ಒಂದು ಕ್ಲಾಸ್ ಬರೆದು, ‘ನ್ಯೂ ಸ್ಯಾಂಪಲ್’ ಎಂದು ಹಾಕಿ, ಪಕ್ಕದ ಚೌಕ ಬ್ರ್ಯಾಕೆಟ್ಟಿನಲ್ಲಿ 96 ಬರೆದೆವು. 96 ಸ್ಯಾಂಪಲ್ ಸಿದ್ಧ ಅಂದುಕೊಂಡೆವು. ಒಂದೂ ಇರಲಿಲ್ಲ!

ಅಳಗುಳಿಮಣೆ ನೆನಪು ಮಾಡ್ಕೊಳ್ಳಿ. ಮಣೆ ಕೆತ್ತಿದ ಮಾತ್ರಕ್ಕೆ ಗುಳಿಯಲ್ಲಿ ಹುಣಸೆಬೀಜ ಬರುತ್ತಾ? ಜಾವಾದಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ಅಲ್ಲಿ ಗುಳಿಯೊಳಗೆ ಬೀಜ ಕೂರುವುದೇ ಇಲ್ಲ. ಬೀಜ ಎಲ್ಲಿದೆ ಅನ್ನುವ ಚೀಟಿ ಕೂರುತ್ತದೆ. ಆ ಚೀಟಿಯೇ ರೆಫರೆನ್ಸ್. ಹೊಸ ಅರೇಯಲ್ಲಿ ಎಲ್ಲ ಚೀಟಿಗಳೂ ಖಾಲಿ, ಅಂದರೆ ‘ನಲ್’. ಖಾಲಿ ಚೀಟಿ ಹಿಡಿದು ಸ್ಯಾಂಪಲ್ಲಿನ ಅಳತೆ ಕೇಳಿದರೆ, ಪ್ರೋಗ್ರಾಂ ‘ನಲ್ ಪಾಯಿಂಟರ್ ಎಕ್ಸೆಪ್ಷನ್’ ಎಂದು ಕೂಗಿ ನಿಲ್ಲುತ್ತದೆ.

ಈ ನಲ್‌ಗೂ ಲಂಡನ್ನಿಗೂ ಒಂದು ನಂಟಿದೆ. 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗಾಗಿ ಇದನ್ನು ತಂದವರು ಟೋನಿ ಹೋರ್. 2009ರಲ್ಲಿ ಇಲ್ಲಿ ನಡೆದ ಕ್ಯೂಕಾನ್ ಸಮ್ಮೇಳನದಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು.

ಆದರೆ ನಲ್ ಕೂಗಿಯಾದರೂ ಹೇಳುತ್ತೆ. ನಮ್ಮ ಎರಡನೇ ತಪ್ಪು ಸದ್ದೇ ಮಾಡಲಿಲ್ಲ. ಲೂಪ್ ಬರೆದು ಗುಳಿಗಳನ್ನು ತುಂಬಿಸಿದೆವು, ಆದರೆ ‘ನ್ಯೂ’ ಲೂಪಿನ ಹೊರಗೆ ಉಳಿದಿತ್ತು. ಅಂದರೆ ಸ್ಯಾಂಪಲ್ ಒಂದೇ, 96 ಚೀಟಿಗಳಲ್ಲೂ ಅದರದೇ ವಿಳಾಸ. ಪ್ರತಿ ಸುತ್ತಿನಲ್ಲೂ ಹೊಸ ಅಳತೆ ಹಳೆಯದನ್ನು ಅಳಿಸಿತು. ಕೊನೆಗೆ ಎಲ್ಲ ಗುಳಿಗಳಿಗೂ ಕೊನೆಯ ಗುಳಿಯ ಅಳತೆಯೇ! ನಾವು ನೋಡಿದ್ದು ಸರಾಸರಿ ಮಾತ್ರ. ಔಷಧ ಹಾಕಿದ ಕೋಶಗಳಿಗೂ ಹಾಕದವಕ್ಕೂ ವ್ಯತ್ಯಾಸವೇ ಇಲ್ಲ ಅಂತ ಪ್ರಯೋಗವನ್ನೇ ಕೈಬಿಡುವುದರಲ್ಲಿದ್ದೆವು. ದಶಾಂಶದ ಕೊನೆಯ ಅಂಕಿಯವರೆಗೂ ಎರಡೂ ಒಂದೇ ಇದ್ದದ್ದು ಕಂಡು ಅನುಮಾನ ಬಂತು. ಜೀವಕೋಶಗಳು ಅಷ್ಟು ಶಿಸ್ತಿನವಲ್ಲ!

ಪರಿಹಾರ ಸುಲಭ. ‘ನ್ಯೂ’ ಪದವನ್ನು ಲೂಪಿನ ಒಳಗೆ ತನ್ನಿ. ಸೊನ್ನೆಯಿಂದ 95ರವರೆಗೆ ಪ್ರತಿ ಸುತ್ತಿಗೂ ಹೊಸ ಸ್ಯಾಂಪಲ್ ಹುಟ್ಟಲಿ.

ನೀವೂ ಮಾಡಿ ನೋಡಿ: ಒಂದೇ ಆಬ್ಜೆಕ್ಟನ್ನು ಎರಡು ಗುಳಿಗೆ ಹಾಕಿ, ಮೊದಲ ಗುಳಿಯ ಮೂಲಕ ಅದರ ಹೆಸರು ಬದಲಿಸಿ, ಎರಡನೆಯದನ್ನು ಪ್ರಿಂಟ್ ಮಾಡಿ. ಏನು ಬಂತು ಅಂತ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.