ಶಹಾ ಎಂಬ ಶಬ್ದದ ವಿಚಾರ

ಯಾದಗಿರಿ ಜಿಲ್ಲೆಯ ನಮ್ಮ ಶಹಾಪುರದ ಹೆಸರು ಎರಡು ಶಬ್ದಗಳಿಂದ ಕೂಡಿದೆ. ಪುರವೆಂಬುದು ಸಂಸ್ಕೃತ; ಶಹಾ ಎಂಬುದು ಅರಸನೆಂಬ ಅರ್ಥವುಳ್ಳ ಪಾರಸಿ. ಇದೇ ಸೀಮೆಯ ಶಹಾಬಾದಿನಲ್ಲಿಯಾದರೋ ಎರಡೂ ಭಾಗಗಳು ಪಾರಸಿಯವೇ. ಆಬಾದ್ ಎಂದರೆ ಜನವಸತಿಯುಳ್ಳ ಸ್ಥಳ. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾದಂದಿನಿಂದ 1686ರಲ್ಲಿ ವಿಜಾಪುರದ ಆದಿಲಶಾಹಿಯು ಅಳಿಯುವ ತನಕ ಈ ನಾಡಿನ ದರ್ಬಾರುಗಳಲ್ಲಿ ಪಾರಸಿಗೆ ಮನ್ನಣೆಯಿತ್ತಾದ್ದರಿಂದ ಇಂಥ ಹೆಸರುಗಳು ಇಲ್ಲಿ ಬೇರೂರಿದ್ದು ಸಹಜವೇ ಸರಿ.

ಹಾಗಾದರೆ ನಮ್ಮೂರ ಹೆಸರಿನಲ್ಲಿ ಅರ್ಧವು ಸ್ವಕೀಯ, ಅರ್ಧವು ಪರಕೀಯವೆನ್ನಬೇಕೇ ಎಂದು ವಾಚಕರು ಕೇಳಬಹುದು. ಶಬ್ದಗಳ ವಂಶಾವಳಿಯನ್ನು ನೋಡಿದವರು ಹಾಗೆ ಹೇಳಲಾರರು. ಕ್ರಿಸ್ತಪೂರ್ವ ಆರನೆಯ ಶತಮಾನದ ಕೊನೆಯಲ್ಲಿ ದಾರ್ಯಾವೆಷ ರಾಜನು ಈರಾನಿನ ಬಹಿಸ್ತೂನ್ ಬೆಟ್ಟದ ಮೇಲೆ ಕೆತ್ತಿಸಿದ ಶಾಸನದಲ್ಲಿ ತನ್ನನ್ನು ಖ್ಷಾಯಥಿಯನೆಂದು, ಅಂದರೆ ಅರಸನೆಂದು, ಕರೆದುಕೊಂಡಿದ್ದಾನೆ. ಬಾಯಿಂದ ಬಾಯಿಗೆ ಸವೆದು ಸವೆದು ಇದೇ ಷಾಹ ಎಂದಾಯಿತು. ಇದರ ಧಾತುವೂ ವೇದಭಾಷೆಯಲ್ಲಿ ಆಳು ಎಂಬ ಅರ್ಥವುಳ್ಳ ಕ್ಷಿ ಧಾತುವೂ ಒಂದೇ ತಾಯಿಯ ಮಕ್ಕಳು. ಕ್ಷತ್ರಿಯ ಶಬ್ದದೊಳಗಿನ ಕ್ಷತ್ರಕ್ಕೆ ಹಳೆಯ ಈರಾನೀ ಭಾಷೆಗಳಲ್ಲಿ ಖ್ಷಥ್ರವೆಂಬ ಜೋಡಿಯುಂಟು. ಅದರಿಂದಲೇ ನಮ್ಮ ಶಹರವೆಂಬ ಮಾತು ಬಂದಿದೆ. ಹೀಗಿರಲಾಗಿ ಶಹಾ, ಶಹರ, ಕ್ಷತ್ರಿಯ ಈ ಮೂರೂ ದಾಯಾದಿಗಳೇ.

ಎಸ್ತೇರಳ ಕಥೆಯನ್ನು ನಮ್ಮ ಹುಡುಗಿಯರು ಚೆನ್ನಾಗಿ ಬಲ್ಲರು. ಅದರಲ್ಲಿಯ ಅಹಷ್ವೇರೋಷ ರಾಜನನ್ನು ಗ್ರೀಕರು ಕ್ಸೆರ್ಕ್ಸೆಸ್ ಎಂದು ಕರೆದ ಅರಸನೆಂಬುದಾಗಿ ಸಾಮಾನ್ಯವಾಗಿ ಗುರುತಿಸುತ್ತಾರೆ. ಅವನ ಸ್ವಂತ ಭಾಷೆಯ ಹೆಸರು ಖ್ಷಯಾರ್ಷ. ಉಚ್ಚರಿಸಲು ನಾಲಿಗೆ ತೊಡರುವ ಈ ಹೆಸರಿನ ಮೊದಲ ಭಾಗದಲ್ಲಿಯೂ ಅದೇ ಆಳುವ ಧಾತುವು ಅಡಗಿದೆ.

ಇನ್ನು ಈ ಶಬ್ದವು ಸುಲ್ತಾನರ ಕಾಲದಲ್ಲಿಯೇ ಮೊದಲು ಭಾರತಕ್ಕೆ ಬಂತೆಂಬುದೂ ನಿಜವಲ್ಲ. ಕುಶಾನರ ಕನಿಷ್ಕನು ತನ್ನ ನಾಣ್ಯಗಳ ಮೇಲೆ ಗ್ರೀಕ್ ಲಿಪಿಯಲ್ಲಿ ರಾಜಾಧಿರಾಜನೆಂಬ ಅರ್ಥದ ಶಾಓನಾನೋ ಶಾಓ ಎಂಬ ಬಿರುದನ್ನು ಮುದ್ರಿಸಿದ್ದನು. ನಾಲ್ಕನೆಯ ಶತಮಾನದ ಸಮುದ್ರಗುಪ್ತನ ಪ್ರಯಾಗದ ಸ್ತಂಭಶಾಸನವು ಅಚ್ಚ ಸಂಸ್ಕೃತದ್ದು; ಅದರಲ್ಲಿಯೂ ಷಾಹಿ, ಷಾಹಾನುಷಾಹಿ ಎಂಬ ಹೆಸರುಗಳಿವೆ. ಬಹಮನಿ ರಾಜ್ಯ ಹುಟ್ಟುವದಕ್ಕೆ ಸುಮಾರು ಸಾವಿರ ವರ್ಷ ಮುಂಚಿನ ಮಾತಿದು.

ಪಶ್ಚಿಮಕ್ಕೆ ಹೋದ ಷಾಹನ ಪ್ರಯಾಣವು ಇನ್ನೂ ಸ್ವಾರಸ್ಯವುಳ್ಳದ್ದು. ನಮ್ಮ ಚತುರಂಗದ ಆಟವು ಪಾರಸಿಕರಲ್ಲಿಗೆ ಹೋಗಿ ಚತ್ರಂಗವಾಯಿತು, ಅರಬರಲ್ಲಿ ಶತ್ರಂಜವಾಯಿತು. ಎದುರಾಳಿಯ ರಾಜನಿಗೆ ಅಪಾಯವೊದಗಿದಾಗ ಷಾಹ ಎಂದು ಕೂಗಿ ಎಚ್ಚರಿಸುವದು ಆಟದ ಕ್ರಮ. ಆ ಕೂಗೇ ಯುರೋಪಿನಲ್ಲಿ ಆಟಕ್ಕೂ ಹೆಸರಾಗಿ, ಜರ್ಮನರು ಅದನ್ನು ಷಾಖ್ ಎಂದೂ ಇಂಗ್ಲಿಷರು ಚೆಸ್ ಎಂದೂ ಕರೆಯತೊಡಗಿದರು. ರಾಜನಿಗೆ ಕೊಡುವ ಎಚ್ಚರಿಕೆಯು ಇಂಗ್ಲಿಷಿನಲ್ಲಿ ಚೆಕ್ ಎಂದಾಯಿತು. ಅದರಿಂದ ತಡೆಯುವದು, ತಪಾಸು ಮಾಡುವದು ಎಂಬ ಅರ್ಥಗಳು ಬೆಳೆದವು. ಮೋಸವಾಗದಂತೆ ತಾಳೆ ನೋಡಲು ಇಟ್ಟುಕೊಳ್ಳುವ ಚೀಟಿಗೆ ಆ ಹೆಸರು ಬಿದ್ದು, ಕೊನೆಗೆ ಬ್ಯಾಂಕಿನ ಚೆಕ್ಕಿಗೂ ತಗಲಿತು. ಚದುರಂಗದ ಹಲಗೆಯಂತೆ ಚೌಕುಳಿಯುಳ್ಳ ಬಟ್ಟೆಯನ್ನು ನಾವು ಚೆಕ್ಸ್ ಎನ್ನುವದೂ ಇದೇ ಷಾಹನ ಪ್ರಸಾದ. ಹತ್ತಿಯ ಹಣಕ್ಕೆಂದು ಚೆಕ್ಕು ಪಡೆಯುವ ನಮ್ಮ ರೈತನು ಊರ ಹೆಸರಿನ ಅರ್ಧವನ್ನೇ ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆಂದರೆ ತಪ್ಪಾಗಲಾರದು!

ಆದರೆ ಕಿವಿಗೆ ಒಂದೇ ತೆರನಾಗಿ ಕೇಳಿದವೆಲ್ಲ ಒಂದೇ ಮನೆತನದವಲ್ಲ. ಶಾಬಾಸ್ ಎಂಬಲ್ಲಿ ಅರಸನಿಲ್ಲ. ಶಾದ್ ಬಾಷ್, ಅಂದರೆ ಸಂತೋಷದಿಂದಿರು ಎಂಬ ಪಾರಸಿ ಹರಕೆಯದು. ಬರೆಯುವ ಶಾಯಿಯು ಕಪ್ಪು ಎಂಬ ಅರ್ಥದ ಸಿಯಾಹದಿಂದ ಬಂದದ್ದು. ಹೀಗಾಗಿ ಕೆಂಪು ಶಾಯಿಯೆಂಬುದು ಮೂಲಾರ್ಥಕ್ಕೆ ವಿರುದ್ಧವಾದರೂ ಉಪಾಧ್ಯಾಯಿನಿಯರು ಅದನ್ನು ಬಿಟ್ಟಾರೇ? ನಮ್ಮ ಕಡೆಯ ತಾಯಂದಿರು ಮಗಳನ್ನು ಬಾಳ ಶಾಣ್ಯಾಕಿ ಎಂದು ಹೊಗಳುವಾಗ ಅದನ್ನು ಶಹಾ ಶಬ್ದಕ್ಕೆ ಕಟ್ಟಿ, ರಾಣಿಯಂಥವಳೆಂದು ಅರ್ಥ ಹೇಳುವದು ಸುಲಭ. ವಾಸ್ತವದಲ್ಲಿ ಇದು ಮರಾಠಿಯ ಶಹಾಣಾ, ಹಿಂದಿಯ ಸಯಾನಾ. ಮೂಲವು ಸಂಸ್ಕೃತದ ಸಜ್ಞಾನ. ಆ ಹೊಗಳಿಕೆಯಲ್ಲಿರುವದು ಪದವಿಯಲ್ಲ, ತಿಳಿವಳಿಕೆ. ನನ್ನ ಮನಸ್ಸಿಗೆ ಇದೇ ಹೆಚ್ಚು ಒಪ್ಪುತ್ತದೆ.

ಹೆಸರಿನಿಂದ ಜನರ ಜಾತಿಮತಗಳನ್ನು ಊಹಿಸುವವರು ಇಲ್ಲಿ ವಿಶೇಷವಾಗಿ ಎಡವುವರು. ಗುಜರಾತಿ ಜೈನ ವರ್ತಕರ ಶಾಹ ಎಂಬ ಅಡ್ಡಹೆಸರು ಪಾರಸಿಯದಲ್ಲ. ಸಂಸ್ಕೃತದ ಸಾಧು ಶಬ್ದವು ಪ್ರಾಕೃತದಲ್ಲಿ ಸಾಹು ಎಂದಾಗಿ, ಸತ್ಯಸಂಧ ವರ್ತಕನೆಂಬ ಅರ್ಥವನ್ನು ತಳೆಯಿತು. ನಮ್ಮ ಸಾವುಕಾರನೂ ಆ ಬಳಗದವನೇ. ಇದಕ್ಕೆ ತದ್ವಿರುದ್ಧವಾಗಿ, ಶಿವಾಜಿಯ ತಂದೆಯಾದ ಶಹಾಜಿ ಭೋಸಲೆಯ ಹೆಸರಿನಲ್ಲಿರುವದು ನಿಜವಾದ ಪಾರಸಿ ಷಾಹ. ಅರಸರಿಗಲ್ಲದೆ ಸೂಫಿ ಸಂತರಿಗೂ ಆ ಬಿರುದು ಸಲ್ಲುತ್ತಿತ್ತು. ಮಕ್ಕಳಿಲ್ಲದ ಮಾಲೋಜಿಯು ಅಹಮದನಗರದ ಷಾಹ ಶರೀಫರಿಗೆ ಹರಕೆ ಹೊತ್ತು, ಹುಟ್ಟಿದ ಇಬ್ಬರು ಗಂಡುಮಕ್ಕಳಿಗೆ ಶಹಾಜಿ, ಶರೀಫಜಿ ಎಂದು ಹೆಸರಿಟ್ಟನೆಂಬುದು ಸಂಪ್ರದಾಯದ ಮಾತು. ವಿಜಾಪುರದ ಆದಿಲಶಾಹಿಯ ಸೇವೆಯಲ್ಲಿದ್ದು ಬೆಂಗಳೂರನ್ನು ಜಹಗೀರಾಗಿ ಪಡೆದಿದ್ದ ಆ ಶಹಾಜಿಯು 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ತೀರಿಕೊಂಡನು. ಅವನ ಸಮಾಧಿಯು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿದೆ.