ಗಡಿಯಾರದ ಸೆಲ್ಲೊಂದು ಕಲಿಸುವ ಪಾಠ

ಮನೆಯ ಗೋಡೆ ಗಡಿಯಾರವನ್ನು ಕೆಳಗಿಳಿಸಿ, ಅದರ ಬೆನ್ನಿನಲ್ಲಿರುವ ಸೆಲ್ಲನ್ನು ಅಂಗೈ ಮೇಲಿಟ್ಟುಕೊಳ್ಳಿ. ಬ್ಯಾಟರಿಯ ಮೊದಲ ಪಾಠಕ್ಕೆ ಇಷ್ಟು ಸಾಕು.

ಒಂದು ತುದಿಯಲ್ಲಿ ಪುಟ್ಟ ಉಬ್ಬಿದೆ. ಅದು ಧನ ತುದಿ. ಸ್ಪ್ರಿಂಗಿಗೆ ತಾಗಿ ಕೂರುವ ಚಪ್ಪಟೆ ತುದಿ ಋಣ ತುದಿ. ಇದರೊಳಗೆ ಯಾರೂ ವಿದ್ಯುತ್ತನ್ನು ತುಂಬಿಟ್ಟಿಲ್ಲ. ಇರುವುದು ರಾಸಾಯನಿಕಗಳು ಮಾತ್ರ. ಎರಡು ತುದಿಗಳ ನಡುವೆ ಹೊರಗಿನಿಂದ ದಾರಿ ಸಿಕ್ಕಾಗ ಅವು ಪರಸ್ಪರ ವರ್ತಿಸುತ್ತವೆ, ವಿದ್ಯುತ್ತು ಹರಿಯುತ್ತದೆ. 1800ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಎರಡು ಬಗೆಯ ಲೋಹದ ಬಿಲ್ಲೆಗಳನ್ನು ಪೇರಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ಪದರವಿಟ್ಟು, ಹೀಗೆ ವಿದ್ಯುತ್ತನ್ನು ಹರಿಸಬಹುದೆಂದು ಲೋಕಕ್ಕೆ ತಿಳಿಸಿದ.

ಆತನ ಹೆಸರಿನಿಂದಲೇ ‘ವೋಲ್ಟ್’ ಬಂತು. ವಿದ್ಯುತ್ತನ್ನು ತಳ್ಳುವ ಒತ್ತಡದ ಅಳತೆ ಅದು. ನಿಮ್ಮ ಕೈಯಲ್ಲಿರುವ ಸೆಲ್ಲಿನದು 1.5 ವೋಲ್ಟ್. ಟಾರ್ಚಿನಲ್ಲಿ ಎರಡನ್ನು ಒಂದರ ಹಿಂದೊಂದು ಇಟ್ಟರೆ 3 ವೋಲ್ಟ್. ಕಾರಿನ ಬ್ಯಾಟರಿಯಲ್ಲಿ ಸುಮಾರು 2 ವೋಲ್ಟಿನ ಆರು ಕೋಣೆಗಳು ಸೇರಿ 12 ವೋಲ್ಟ್ ಆಗುತ್ತದೆ. ಹೀಗೆ ಸೆಲ್ಲುಗಳ ಜೋಡಣೆಯೇ ಬ್ಯಾಟರಿ.

ಈಗ ಆಯ್ಕೆ. ಗಡಿಯಾರ, ರಿಮೋಟ್ ತೀರಾ ಕಡಿಮೆ ವಿದ್ಯುತ್ತು ಬಳಸುತ್ತವೆ. ಅಗ್ಗದ ಸತು-ಇಂಗಾಲದ ಸೆಲ್ ಅವಕ್ಕೆ ಸಾಕು. ಮೋಟಾರಿರುವ ಆಟಿಕೆಗೆ ಹೆಚ್ಚು ತಾಳುವ ‘ಆಲ್ಕಲೈನ್’ ಸೆಲ್ ಕೊಳ್ಳಿ. ಪದೇ ಪದೇ ಬದಲಿಸಬೇಕಾದ ಕಡೆ ಚಾರ್ಜ್ ಮಾಡಬಲ್ಲ ನಿಕಲ್ ಸೆಲ್ ಲಾಭಕರ. ಅದರ ಮೇಲೆ 1.2 ವೋಲ್ಟ್ ಎಂದಿದ್ದರೂ ಹೆಚ್ಚಿನ ಸಾಧನಗಳು ಸರಿಯಾಗಿಯೇ ನಡೆಯುತ್ತವೆ. ‘ರೀಚಾರ್ಜೆಬಲ್’ ಎಂದು ಬರೆಯದ ಸೆಲ್ಲನ್ನು ಮಾತ್ರ ಚಾರ್ಜರಿಗೆ ಹಾಕಬೇಡಿ.

ಸೆಲ್ ಎಂದರೆ ರಾಸಾಯನಿಕ ಎಂಬುದು ಮನಸ್ಸಿನಲ್ಲಿದ್ದರೆ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಅಗ್ಗದ ಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಋಣ ತುದಿ. ಕೆಲಸ ಮಾಡುತ್ತಾ, ಸುಮ್ಮನಿದ್ದಾಗಲೂ ನಿಧಾನವಾಗಿ, ಅದು ಸವೆದು ತೆಳುವಾಗುತ್ತದೆ, ಕೊನೆಗೆ ತೂತಾಗಿ ಸೋರಬಹುದು. ಹಳೆಯ ರಿಮೋಟಿನ ಸ್ಪ್ರಿಂಗಿನ ಮೇಲೆ ನೀವು ಕಂಡಿರಬಹುದಾದ ಬಿಳಿ-ಹಸಿರು ಪುಡಿ ಅದರ ಗುರುತು. ಆದ್ದರಿಂದ ತಿಂಗಳುಗಟ್ಟಲೆ ಬಳಸದ ವಸ್ತುವಿನಿಂದ ಸೆಲ್ ತೆಗೆದಿಡಿ. ಹಳೆಯದರ ಜೊತೆ ಹೊಸದನ್ನು ಹಾಕಬೇಡಿ: ಹಳೆಯದು ಮೊದಲು ಖಾಲಿಯಾದರೂ ಹೊಸದು ಅದರ ಮೂಲಕವೇ ವಿದ್ಯುತ್ತನ್ನು ತಳ್ಳುತ್ತಿರುತ್ತದೆ, ಆಗ ಹಳೆಯದು ಕೆಟ್ಟು ಸೋರುತ್ತದೆ. ಮೊಬೈಲಿನ ಬ್ಯಾಟರಿ ಉಬ್ಬಿದ್ದರೆ ಒಳಗೆ ಅನಿಲ ತುಂಬಿದೆ ಎಂದರ್ಥ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ದುರಸ್ತಿ ಕೇಂದ್ರಕ್ಕೆ ಒಯ್ಯಿರಿ. ಮುಗಿದ ಬ್ಯಾಟರಿಯನ್ನು ಅಡುಗೆಮನೆಯ ಕಸಕ್ಕೆ ಸೇರಿಸದೆ, ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ನಮ್ಮ ದೇಶದ 2022ರ ನಿಯಮಗಳು ತಯಾರಕರಿಗೇ ವಹಿಸಿವೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ನಾಣ್ಯದಂತಿರುವ ಬಟನ್ ಸೆಲ್ಲನ್ನು ಮಗು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆ ಒಳಪದರವೇ ಎರಡು ತುದಿಗಳ ನಡುವಿನ ದಾರಿಯಾಗುತ್ತದೆ. ಅಲ್ಲಿ ಹುಟ್ಟುವ ಕ್ಷಾರ ಎರಡು ಗಂಟೆಯೊಳಗೇ ಆಳವಾಗಿ ಸುಡಬಲ್ಲದು. ಕೆಲಸ ನಿಲ್ಲಿಸಿದ ಸೆಲ್ಲಿಗೂ ಈ ಶಕ್ತಿ ಉಳಿದಿರುತ್ತದೆ. ನುಂಗಿರುವ ಅನುಮಾನ ಬಂದರೂ ಸಾಕು, ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಓಡಿ.

ಗಡಿಯಾರವನ್ನು ಮತ್ತೆ ಗೋಡೆಗೆ ತೂಗುಹಾಕಿದ ಮೇಲೆ, ಮನೆಯಲ್ಲಿ ಬಟನ್ ಸೆಲ್ ಇರುವ ಆಟಿಕೆಗಳನ್ನೆಲ್ಲ ಹುಡುಕಿ, ಅವುಗಳ ಮುಚ್ಚಳದ ಸ್ಕ್ರೂ ಬಿಗಿಯಾಗಿದೆಯೇ ಎಂದು ದಯವಿಟ್ಟು ಇಂದೇ ನೋಡಿ.